ಡ್ರ್ಯಾಗನ್ ಕಾನ್‌ಗೆ ಗೆಳತಿಯ ಜೊತೆ: ನನ್ನ ಅನುಭವ

ಅಮೆರಿಕದ ಅಟ್ಲಾಂಟಾ ನಗರದಲ್ಲಿ ಪ್ರತಿ ವರ್ಷ ಲೇಬರ್ ಡೇ ರಜೆಯ ವಾರಾಂತ್ಯದಲ್ಲಿ ನಡೆಯುವ, ವೈಜ್ಞಾನಿಕ ಮತ್ತು ಅದ್ಭುತ ಕಥೆಗಳ ಅಭಿಮಾನಿಗಳ ಸಮಾವೇಶವಾದ ಡ್ರ್ಯಾಗನ್ ಕಾನ್‌ಗೆ ನಾನೂ ನನ್ನ ಗೆಳತಿಯೂ ಎರಡು ಸಲ ಹೋಗಿ ಬಂದಿದ್ದೇವೆ, 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ. ಇಬ್ಬರೂ ಉತ್ತರ ಕನ್ನಡ ಜಿಲ್ಲೆಯವರು, ಈಗ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಷಾರ್ಲೆಟ್‌ನಲ್ಲಿ ನೆಲೆಸಿದ್ದೇವೆ. ಆಕೆಗೆ ವೇಷ ಕಟ್ಟುವುದರಲ್ಲಿ ಪ್ರಾಣ. ನನಗೆ ಬಾಹ್ಯಾಕಾಶದ ಮಾತುಕತೆ ಮತ್ತು ಹಾಡು ಇಷ್ಟ. ಮೊದಲ ಸಲ ನಾಲ್ಕು ದಿನವೂ ಒಬ್ಬರನ್ನೊಬ್ಬರು ಬಿಡದೆ ತಿರುಗಿದ ನಾವು ಊರಿಗೆ ಮರಳುವಾಗ ಕಾರಿನಲ್ಲಿ ಹೆಚ್ಚು ಮಾತಾಡಲಿಲ್ಲ. ಎರಡನೆಯ ಸಲ ದಿನದ ಬಹುಪಾಲು ಬೇರೆ ಬೇರೆಯಾಗಿ ಕಳೆದೆವು, ಮರಳುವಾಗ ದಾರಿಯುದ್ದಕ್ಕೂ ಮಾತು ಮುಗಿಯಲಿಲ್ಲ. ಈ ವ್ಯತ್ಯಾಸ ಹೇಗೆ ಆಯಿತೆಂಬುದನ್ನು, ಇಂಥ ದೊಡ್ಡ ಸಮಾವೇಶಕ್ಕೆ ಸ್ನೇಹಿತರೊಡನೆ ಹೊರಡುವವರಿಗೆ ನೆರವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲು ಸ್ಥಳದ ವಿಚಾರ ಹೇಳಬೇಕು, ಏಕೆಂದರೆ ನಮ್ಮ ಕಷ್ಟದ ಮೂಲ ಅದರಲ್ಲೇ ಇತ್ತು. 1987ರಲ್ಲಿ ಆರಂಭವಾದ ಡ್ರ್ಯಾಗನ್ ಕಾನ್‌ಗೆ ಈಗ 70,000ಕ್ಕೂ ಹೆಚ್ಚು ಜನ ಸೇರುತ್ತಾರೆ. ಆದರೆ ಅದು ಒಂದೇ ಸಭಾಂಗಣದಲ್ಲಿ ನಡೆಯುವ ಮೇಳವಲ್ಲ. ನಗರದ ನಡುಭಾಗದ ಐದು ಹೋಟೆಲ್‌ಗಳಲ್ಲಿ, ಜೊತೆಗೆ ಅಂಗಡಿಗಳಿಗೆಂದೇ ಮೀಸಲಾದ ಅಮೆರಿಕಾಸ್‌ಮಾರ್ಟ್ ಕಟ್ಟಡದಲ್ಲಿ, ಹಗಲು ರಾತ್ರಿ ಎನ್ನದೆ ನಡೆಯುತ್ತದೆ. ಹಯಾಟ್, ಮ್ಯಾರಿಯಟ್ ಮಾರ್ಕ್ವಿ ಮತ್ತು ಹಿಲ್ಟನ್ ಹೋಟೆಲ್‌ಗಳ ನಡುವೆ ರಸ್ತೆಗೆ ಇಳಿಯದೆ ಓಡಾಡಲು ಗಾಜಿನ ಸೇತುವೆಗಳಿವೆ. ಹಳಬರು ಅವನ್ನು, ಸಾಕು ಹ್ಯಾಮ್‌ಸ್ಟರ್‌ಗಳು ಓಡಾಡುವ ಕೊಳವೆಗೂಡಿನ ಹೆಸರಿನಿಂದ, ಹ್ಯಾಬಿಟ್ರೇಲ್ ಎನ್ನುತ್ತಾರೆ. ಶನಿವಾರ ಮಧ್ಯಾಹ್ನ ಆ ಸೇತುವೆಯ ಮೇಲೆ ರೆಕ್ಕೆ ಕಟ್ಟಿಕೊಂಡವರು, ಕವಚ ತೊಟ್ಟವರು, ಮಗುವನ್ನು ಹೆಗಲೇರಿಸಿಕೊಂಡವರು ಒಟ್ಟಿಗೆ ಸಾಗುವಾಗ ಐದು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಜಾನ್ ಪೋರ್ಟ್‌ಮನ್ ಎಂಬ ವಾಸ್ತುಶಿಲ್ಪಿ ರೂಪಿಸಿ 1985ರಲ್ಲಿ ತೆರೆದ ಮ್ಯಾರಿಯಟ್‌ನ ಒಳಾಂಗಣ ತಳದಿಂದ ತುದಿಯವರೆಗೆ ಟೊಳ್ಳಾಗಿದ್ದು, ಕೆಳಗೆ ನಿಂತು ತಲೆಯೆತ್ತಿದರೆ ಸುತ್ತಲಿನ ಮಹಡಿಗಳ ಅಂಚುಗಳು ಯಾವುದೋ ದೊಡ್ಡ ಪ್ರಾಣಿಯ ಪಕ್ಕೆಲುಬುಗಳಂತೆ ಕಾಣುತ್ತವೆ. ಅದನ್ನು ಮೊದಲ ಸಲ ಕಂಡ ಕ್ಷಣದಲ್ಲಿ ಇಬ್ಬರೂ ಮಾತು ಮರೆತು ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

2018ರಲ್ಲಿ ನಮ್ಮ ಬಳಿ ಯೋಜನೆ ಎಂಬುದೇ ಇರಲಿಲ್ಲ. ಎಲ್ಲವನ್ನೂ ಜೊತೆಯಾಗಿ ನೋಡೋಣ ಎಂದಷ್ಟೇ ಮಾತಾಗಿತ್ತು. ಆಕೆ ವೇಷಗಾರರ ಕಾರ್ಯಾಗಾರಕ್ಕೆ ಹೋಗಬೇಕೆಂದಾಗ ನಾನು ಬೇಸರ ತೋರಗೊಡದೆ ಕುಳಿತೆ. ನಾನು ವಿಜ್ಞಾನದ ಗೋಷ್ಠಿಗೆಂದು ಸಾಲಿನಲ್ಲಿ ನಿಂತಾಗ ಆಕೆ ಹಸಿವನ್ನು ಅದುಮಿಕೊಂಡು ನಿಂತಳು. ಹೀಗೆ ಒಬ್ಬರಿಗೊಬ್ಬರು ಸೋಲುತ್ತಾ ಹೋದಂತೆ ಇಬ್ಬರಿಗೂ ಬೇಕಾದ ಕಾರ್ಯಕ್ರಮಗಳಲ್ಲಿ ಅರ್ಧದಷ್ಟು ಕೈತಪ್ಪಿದವು. ಶನಿವಾರ ಸಂಜೆ ಮ್ಯಾರಿಯಟ್‌ನ ಗದ್ದಲದಲ್ಲಿ ನಿಜವಾಗಿಯೂ ಕೈತಪ್ಪಿದ್ದು ನಾವೇ. ಅಷ್ಟು ಜನ ಒಂದೇ ಕಡೆ ಫೋನ್ ಬಳಸುವಾಗ ಸಂದೇಶಗಳು ಗಂಟೆ ತಡವಾಗಿ ತಲುಪುತ್ತವೆ. ಸಾಲದ್ದಕ್ಕೆ ನನ್ನ ಫೋನಿನ ಬ್ಯಾಟರಿ ಮುಗಿದಿತ್ತು. ಲಾಬಿಯಲ್ಲಿ ಸಿಗೋಣ ಎಂದುಕೊಂಡಿದ್ದೆವು, ಆದರೆ ಮ್ಯಾರಿಯಟ್‌ನಲ್ಲಿ ಲಾಬಿ ಎಂದು ಕರೆಯಬಹುದಾದ ಜಾಗ ಒಂದಕ್ಕಿಂತ ಹೆಚ್ಚು ಮಹಡಿಯಲ್ಲಿದೆ. ಎರಡೂವರೆ ಗಂಟೆ ಆಕೆ ಒಂದು ಮಹಡಿಯಲ್ಲಿ, ನಾನು ಇನ್ನೊಂದರಲ್ಲಿ ಕಾದೆವು. ನಮ್ಮ ಕೋಣೆ ಊರಾಚೆ ಇದ್ದುದರಿಂದ ರಾತ್ರಿಯ ಕೊನೆಯ ರೈಲು ಹೊರಡುವ ಮೊದಲು ಇಬ್ಬರೂ ಪೀಚ್‌ಟ್ರೀ ಸೆಂಟರ್ ನಿಲ್ದಾಣಕ್ಕೆ ಬರಲೇಬೇಕಿತ್ತು. ಅಲ್ಲಿನ ಉದ್ದನೆಯ ಎಸ್ಕಲೇಟರ್‌ನ ತಲೆಯಲ್ಲಿ ಆಕೆಯನ್ನು ಕಂಡಾಗ ನನಗಾದ ಸಮಾಧಾನಕ್ಕಿಂತ ಆಕೆಯ ಮುಖದಲ್ಲಿದ್ದ ಆಯಾಸವೇ ನನ್ನ ನೆನಪಿನಲ್ಲಿ ಹೆಚ್ಚು ಉಳಿದಿದೆ.

ಐದು ವರ್ಷಗಳ ನಂತರ ಮತ್ತೆ ಹೋಗಲು ನಿರ್ಧರಿಸಿದಾಗ ಆಕೆಯೇ ಮುಂದಾಗಿ, ಈ ಬಾರಿ ಯಾವಾಗ ಬೇರೆಯಾಗಬೇಕೆಂಬುದನ್ನು ಮೊದಲು ಗೊತ್ತುಮಾಡೋಣ ಎಂದಳು. ಆ ಮಾತಿನಿಂದ ನನಗೆ ಮೊದಲು ಸ್ವಲ್ಪ ನೋವಾಯಿತು. ಆಮೇಲೆ ಅದರ ಬೆಲೆ ತಿಳಿಯಿತು.

ಕೋಣೆಯೇ ಎಲ್ಲಕ್ಕಿಂತ ಕಠಿಣ. ಸಮಾವೇಶ ನಡೆಯುವ ಹೋಟೆಲ್‌ಗಳ ಕೋಣೆಗಳು ಬಹಳ ತಿಂಗಳು ಮುಂಚೆಯೇ ಮುಗಿದಿರುತ್ತವೆ. ಆದರೆ ಬೇಸಿಗೆಯಲ್ಲಿ ಕೆಲವರು ಕಾಯ್ದಿರಿಸಿದ್ದನ್ನು ಬಿಟ್ಟುಕೊಡುತ್ತಾರೆ. ಮೇ ತಿಂಗಳಿಂದ ದಿನಕ್ಕೆರಡು ಸಲ ಹುಡುಕುತ್ತಿದ್ದ ನಮಗೆ ಜೂನ್ ಕೊನೆಯಲ್ಲಿ ನಡೆದು ಹೋಗುವ ದೂರದಲ್ಲಿ ಒಂದು ಕೋಣೆ ಸಿಕ್ಕಿತು. ಷಾರ್ಲೆಟ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆ ಸಾಗಿ, ನಗರದ ಈಶಾನ್ಯದಲ್ಲಿರುವ ಡೊರಾವಿಲ್ ನಿಲ್ದಾಣದಲ್ಲಿ ಕಾರು ಬಿಟ್ಟು, ಅಲ್ಲಿಂದ ಮಾರ್ಟಾ ಎಂಬ ನಗರ ರೈಲಿನಲ್ಲಿ ನೇರವಾಗಿ ಪೀಚ್‌ಟ್ರೀ ಸೆಂಟರ್‌ಗೆ ಬಂದು ಇಳಿದೆವು. ಅದೇ ವಾರಾಂತ್ಯದಲ್ಲಿ ನಗರದಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯಗಳೂ ನಡೆಯುವ ರೂಢಿ ಇರುವುದರಿಂದ ನಡುಭಾಗಕ್ಕೆ ಕಾರು ಒಯ್ಯುವುದನ್ನು ನಾನು ಯಾರಿಗೂ ಹೇಳಲಾರೆ.

ಕಾರ್ಯಕ್ರಮ ಪಟ್ಟಿ ಆ್ಯಪ್‌ನಲ್ಲಿ ಕೈಗೆ ಸಿಗುವುದು ಸಮಾವೇಶ ಇನ್ನೇನು ಹತ್ತಿರ ಬಂದಾಗ. ವಿಜ್ಞಾನ, ಬಾಹ್ಯಾಕಾಶ, ವೇಷಭೂಷಣ, ಬರವಣಿಗೆ, ಫಿಲ್ಕ್ ಎಂಬ ಅಭಿಮಾನಿಗಳ ಹಾಡು ಹೀಗೆ ಹತ್ತಾರು ವಿಭಾಗಗಳು, ಒಂದೊಂದಕ್ಕೂ ಅದರದೇ ಕೋಣೆ. ಇವನ್ನು ಟ್ರ್ಯಾಕ್ ಎನ್ನುತ್ತಾರೆ. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಪ್ರತಿಯೊಬ್ಬರೂ ದಿನಕ್ಕೆ ಎರಡು ಕಾರ್ಯಕ್ರಮಗಳನ್ನು ಮಾತ್ರ ಬಿಡಲಾಗದವು ಎಂದು ಗುರುತಿಸಿದೆವು. ಇಬ್ಬರ ಗುರುತೂ ಒಂದರ ಮೇಲೆ ಬಿದ್ದರೆ ಜೊತೆಯಾಗಿ ಹೋಗುವುದು, ಇಲ್ಲವಾದರೆ ಪ್ರಶ್ನೆ ಕೇಳದೆ ಬೇರೆಯಾಗುವುದು. ನಾಲ್ಕು ದಿನಕ್ಕೆ ಇಬ್ಬರ ಗುರುತೂ ಒಟ್ಟಿಗೆ ಬಿದ್ದದ್ದು ಮೂರೇ ಕಡೆ. ಅಷ್ಟು ಕಡಿಮೆ ಎಂದು ಆಗ ಅನ್ನಿಸಿತ್ತು, ಆದರೆ ಆ ಮೂರಕ್ಕೂ ನಾವು ಮನಸ್ಸಿಟ್ಟು ಕುಳಿತೆವು.

ಸೇರುವ ಜಾಗಕ್ಕೆ ಬಹಳ ಯೋಚಿಸಿದೆವು. ಹೆಸರಾದ ಜಾಗ ಬೇಡ, ಏಕೆಂದರೆ ಅಲ್ಲಿ ಎಲ್ಲರೂ ಸೇರುತ್ತಾರೆ. ಗುರುವಾರ ಬಂದಿಳಿದ ಸಂಜೆ, ಜನ ಇನ್ನೂ ತುಂಬುವ ಮೊದಲು, ಇಬ್ಬರೂ ನಡೆದು ನೋಡಿ ಹಯಾಟ್‌ನ ಕೆಳಮಹಡಿಯಲ್ಲಿ ಲಿಫ್ಟ್‌ಗಳಿಂದ ದೂರವಿದ್ದ, ಗೋಡೆಗೆ ಒರಗಿ ಕೂರಬಹುದಾದ, ಶೌಚಾಲಯ ಹತ್ತಿರವಿದ್ದ ಒಂದು ಮೂಲೆಯನ್ನು ಆರಿಸಿಕೊಂಡೆವು. ಬೆಳಿಗ್ಗೆ ಹೊರಡುವಾಗ ಜೊತೆಗೆ ತಿಂಡಿ. ಮಧ್ಯಾಹ್ನ 3 ಗಂಟೆಗೆ ಆ ಮೂಲೆ. ರಾತ್ರಿ 9ಕ್ಕೆ ಮತ್ತೆ ಅದೇ ಮೂಲೆ. ಫೋನ್ ಕೆಲಸ ಮಾಡಲಿ ಬಿಡಲಿ ಈ ವೇಳೆ ಬದಲಾಗುವುದಿಲ್ಲ, ಅರ್ಧ ಗಂಟೆ ಕಾದರೂ ಒಬ್ಬರು ಬಾರದಿದ್ದರೆ ಮುಂದಿನ ವೇಳೆಗೆ ನೋಡುವುದು ಎಂದು ಒಪ್ಪಿದೆವು. ಕೊನೆಯ ಈ ಒಪ್ಪಂದ ಚಿಕ್ಕದಾಗಿ ಕಂಡರೂ, ಎಲ್ಲೋ ಒಬ್ಬಳು ಕಾಯುತ್ತಿದ್ದಾಳೆ ಎಂಬ ಭಾರವನ್ನು ಇಬ್ಬರ ಮನಸ್ಸಿನಿಂದಲೂ ಇಳಿಸಿದ್ದು ಅದೇ.

ಆಕೆಯ ವೇಷದ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಮೂರು ತಿಂಗಳು ಕುಳಿತು ಈವಿಎ ಫೋಮ್ ಎಂಬ ಹಗುರವಾದ ಮೆತ್ತನೆಯ ಹಾಳೆಗಳನ್ನು ಕತ್ತರಿಸಿ, ಹೀಟ್ ಗನ್‌ನಿಂದ ಬಾಗಿಸಿ, ಅಂಟಿಸಿ, ಬಣ್ಣ ಬಳಿದು, ತನ್ನದೇ ಕಲ್ಪನೆಯ ಒಬ್ಬ ಸಮುದ್ರಯೋಧೆಯ ಕವಚವನ್ನು ಕಟ್ಟಿದ್ದಳು. ಭುಜಕೀರ್ತಿಯ ರೇಖೆಗಳನ್ನು ಯಕ್ಷಗಾನದ ವೇಷದಿಂದ ತೆಗೆದುಕೊಂಡಿದ್ದಳು. ಶುಕ್ರವಾರ ಬೆಳಿಗ್ಗೆ ಹೋಟೆಲ್ ಕೋಣೆ ಚೌಕಿಯಾಯಿತು. ಬಾಲ್ಯದಲ್ಲಿ ಮೇಳ ಬಂದಾಗ ಚೌಕಿಯ ಬಾಗಿಲಲ್ಲಿ ನಿಂತು, ದೀಪದ ಬೆಳಕಿನಲ್ಲಿ ಕಲಾವಿದರು ಮುಖಕ್ಕೆ ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತಿದ್ದ ನನಗೆ, ಆಕೆಯ ಬೆನ್ನಿನ ಪಟ್ಟಿಗಳನ್ನು ಬಿಗಿದು ಕಟ್ಟುವ ಕೆಲಸ ಸಿಕ್ಕಿದ್ದು ದೊಡ್ಡ ಸಂತೋಷ ಕೊಟ್ಟಿತು. ಒಂದು ಸೂಜಿ, ದಪ್ಪ ದಾರ, ಬಿಸಿ ಅಂಟಿನ ಗನ್ನು, ಒಂದಿಷ್ಟು ವೆಲ್ಕ್ರೊ ನನ್ನ ಚೀಲದಲ್ಲೇ ಇರುತ್ತಿದ್ದವು. ಸೆಪ್ಟೆಂಬರ್ ಆರಂಭದ ಅಟ್ಲಾಂಟಾದ ಸೆಕೆಯಲ್ಲಿ ಫೋಮ್ ಕವಚ ತೊಟ್ಟು ನಾಲ್ಕು ಗಂಟೆಗಿಂತ ಹೆಚ್ಚು ಇರಬಾರದೆಂದು ಆಕೆ ತಾನೇ ಮಿತಿ ಹಾಕಿಕೊಂಡಿದ್ದಳು, ಅದನ್ನು ಮೀರಲಿಲ್ಲ. ಚಿತ್ರ ತೆಗೆಯಲು ಬಂದವರಲ್ಲಿ ಹೆಚ್ಚಿನವರು ಮೊದಲು ಅನುಮತಿ ಕೇಳಿದರು. ಹಾಗೆ ಕೇಳುವುದು ಅಲ್ಲಿನ ನಡವಳಿಕೆಯ ಮೊದಲ ಪಾಠ.

ಆ ಶುಕ್ರವಾರ ರಾತ್ರಿ ನಮ್ಮ ಪಟ್ಟಿಯಲ್ಲಿ ಇನ್ನೊಂದು ವೇಳೆ ಸೇರಿತ್ತು: ನಸುಕಿನ 2 ಗಂಟೆ. ಹತ್ತು ದಿನಗಳ ಹಿಂದೆಯಷ್ಟೇ, ಆಗಸ್ಟ್ 23ರಂದು, ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಿತ್ತು; ಬಾಹ್ಯಾಕಾಶ ಗೋಷ್ಠಿಯ ಸಾಲಿನಲ್ಲಿ ನಿಂತಿದ್ದಾಗ ನಾನು ಭಾರತದವಳೆಂದು ತಿಳಿದ ಅಪರಿಚಿತರು ಕೈಕುಲುಕಿ ಅಭಿನಂದಿಸಿದ್ದರು. ಈಗ ಸೆಪ್ಟೆಂಬರ್ 2ರಂದು, ಭಾರತದ ಸಮಯ ಬೆಳಿಗ್ಗೆ 11.50ಕ್ಕೆ, ಎಂದರೆ ನಮಗೆ ನಸುಕಿನ 2.20ಕ್ಕೆ, ಶ್ರೀಹರಿಕೋಟಾದಿಂದ ಸೂರ್ಯನನ್ನು ಅಧ್ಯಯನ ಮಾಡುವ ನೌಕೆ ಆದಿತ್ಯ-ಎಲ್1 ಹೊರಡುವುದಿತ್ತು. ಬೇರೆ ಊರಿನಲ್ಲಾಗಿದ್ದರೆ ನಿದ್ದೆಗೆಟ್ಟು ಒಬ್ಬರೇ ನೋಡಬೇಕಾಗಿದ್ದ ಉಡಾವಣೆ. ಅಲ್ಲಿ ಆ ಹೊತ್ತಿನಲ್ಲೂ ಸಾವಿರಾರು ಜನ ಎಚ್ಚರವಾಗಿದ್ದರು. ನಮ್ಮ ಮೂಲೆಯಲ್ಲಿ ಕುಳಿತು ಫೋನನ್ನು ಚೀಲಕ್ಕೆ ಒರಗಿಸಿ ನೇರ ಪ್ರಸಾರ ಹಾಕಿದೆವು. ಮೊದಲು ಇಬ್ಬರೇ ಇದ್ದೆವು, ಕ್ಷಣಗಣನೆ ಆರಂಭವಾಗುವ ಹೊತ್ತಿಗೆ ಹಿಂದೆ ಹತ್ತು ಹನ್ನೆರಡು ಜನ ಬಗ್ಗಿ ನಿಂತಿದ್ದರು, ಅವರಲ್ಲಿ ಒಬ್ಬರ ತಲೆಯ ಮೇಲೆ ಕೊಂಬುಗಳಿದ್ದವು. ಸೂರ್ಯನ ಬಿಂಬವನ್ನು ಮರೆಮಾಡಿ ಅದರ ಪ್ರಭಾವಲಯವನ್ನು ನೋಡುವ ಮುಖ್ಯ ಉಪಕರಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಸಿದ್ಧಪಡಿಸಿದೆ, ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಎಂಬ ಬಿಂದುವಿನ ಸುತ್ತ ನಿಂತರೆ ಅದಕ್ಕೆ ಗ್ರಹಣದ ಅಡ್ಡಿಯಿಲ್ಲದೆ ಸೂರ್ಯ ಸದಾ ಕಾಣುತ್ತಾನೆ ಎಂದು ನಾನು ವಿವರಿಸಿದೆ. ರಾಕೆಟ್ ಮೇಲೇರಿದಾಗ ಅವರೆಲ್ಲ ಕೈತಟ್ಟಿದರು. ನನ್ನ ಗೆಳತಿ ನನ್ನ ಕೈಯನ್ನು ಹಿಡಿದೇ ಇದ್ದಳು, ನೌಕೆ ರಾಕೆಟ್‌ನಿಂದ ಬೇರ್ಪಡುವವರೆಗಿನ ಗಂಟೆಯಷ್ಟು ಹೊತ್ತೂ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಪೀಚ್‌ಟ್ರೀ ಬೀದಿಯ ಮೆರವಣಿಗೆಯನ್ನು ನಿದ್ದೆಗಣ್ಣಿನಲ್ಲೇ ನೋಡಿದೆವು. ಅದು ಸಮಾವೇಶದ ಸದಸ್ಯರಲ್ಲದ ಊರಿನವರಿಗೂ ತೆರೆದದ್ದು, ಮಕ್ಕಳಿರುವವರು ತಪ್ಪಿಸಬಾರದು. ಅಂಗಡಿಗಳ ಕಟ್ಟಡಕ್ಕೆ ಶುಕ್ರವಾರವೇ ಹೋಗಿ ಬಂದದ್ದು ಒಳ್ಳೆಯದಾಯಿತು. ಶನಿವಾರ ಅಲ್ಲಿ ಕಾಲಿಡಲು ಜಾಗವಿರಲಿಲ್ಲ.

ಭಾನುವಾರ ರಾತ್ರಿ ನಾನು ಒಬ್ಬಳೇ ಫಿಲ್ಕ್ ಕೋಣೆಗೆ ಹೋದೆ. ವೈಜ್ಞಾನಿಕ ಕಥೆಗಳ ಅಭಿಮಾನಿಗಳು ತಾವೇ ಕಟ್ಟಿ ಹಾಡುವ ಹಾಡುಗಳಿಗೆ ಫಿಲ್ಕ್ ಎಂದು ಹೆಸರು. 1950ರ ದಶಕದಲ್ಲಿ ಒಂದು ಲೇಖನದಲ್ಲಿ ಫೋಕ್ ಎಂಬ ಪದ ತಪ್ಪಾಗಿ ಅಚ್ಚಾದದ್ದೇ ಹೆಸರಾಗಿ ಉಳಿಯಿತಂತೆ. ಗಿಟಾರ್ ಹಿಡಿದು ವೃತ್ತವಾಗಿ ಕುಳಿತವರು ಸರದಿಯಂತೆ ಹಾಡುತ್ತಾರೆ, ಉಳಿದವರು ಪಲ್ಲವಿಗೆ ದನಿಗೂಡಿಸುತ್ತಾರೆ. ವೇಷವಿಲ್ಲ, ರಂಗವಿಲ್ಲ, ಬರಿಯ ಮಾತು ಮತ್ತು ಹಾಡಿನಿಂದಲೇ ಇನ್ನೊಂದು ಲೋಕ ಎದುರಿಗೆ ಬರುತ್ತದೆ. ನನಗೆ ನಮ್ಮೂರಿನ ತಾಳಮದ್ದಲೆಯ ರಾತ್ರಿಗಳು ನೆನಪಾದವು. ಅಲ್ಲಿ ಎರಡು ಗಂಟೆ ಕುಳಿತಿದ್ದೆ. ಗೆಳತಿ ಜೊತೆಗಿದ್ದಿದ್ದರೆ ಆಕೆಗೆ ಬೇಸರವಾಗುತ್ತಿದೆಯೇ ಎಂದು ನೋಡುತ್ತಲೇ ಅರ್ಧ ಹಾಡು ಕಳೆದುಕೊಳ್ಳುತ್ತಿದ್ದೆ. ಆ ಹೊತ್ತಿಗೆ ಆಕೆ ಹಿಲ್ಟನ್‌ನಲ್ಲಿ ಅಪರಿಚಿತರೊಬ್ಬರಿಂದ ಫೋಮ್‌ಗೆ ತುಕ್ಕಿನ ಬಣ್ಣ ತರಿಸುವ ಬಗೆಯನ್ನು ಕಲಿಯುತ್ತಿದ್ದಳು. ರಾತ್ರಿ ಕೋಣೆಯಲ್ಲಿ ದೀಪ ಆರಿಸಿದ ಮೇಲೂ ಆಕೆ ಅದನ್ನು ವಿವರಿಸಿದಳು, ನಾನು ನೆನಪಿದ್ದಷ್ಟು ಹಾಡಿ ತೋರಿಸಿದೆ.

ಊಟದ ವಿಚಾರದಲ್ಲಿ ಒಂದೇ ಮಾತು: ಹಳಬರು ದಿನಕ್ಕೆ ಐದು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ ಕಡ್ಡಾಯ ಎನ್ನುತ್ತಾರೆ, ಅದರಲ್ಲಿ ಎರಡು ಊಟವನ್ನು ಕಾಪಾಡುವುದೇ ಕಷ್ಟ, ಸಸ್ಯಾಹಾರಿಗಳಿಗೆ ಇನ್ನೂ ಕಷ್ಟ. ನಾವು ಒಯ್ದಿದ್ದ ಗೊಜ್ಜವಲಕ್ಕಿ, ಚಪಾತಿ ಮತ್ತು ಚಟ್ನಿಪುಡಿಯಿಂದ ನಾಲ್ಕೂ ಬೆಳಗಿನ ತಿಂಡಿ ಸಾಗಿತು. ಜನಸಂದಣಿಯ ಕೋಣೆಗಳಲ್ಲಿ ಮಾಸ್ಕ್ ಧರಿಸಿದ್ದೆವು, ಸಮಾವೇಶದ ನಂತರ ಹಲವರನ್ನು ಹಿಡಿಯುವ ನೆಗಡಿ ಕೆಮ್ಮು ನಮಗೆ ಬರಲಿಲ್ಲ.

ಸೋಮವಾರ ಮಧ್ಯಾಹ್ನ 3 ಗಂಟೆಗೆ ಅಭ್ಯಾಸಬಲದಿಂದ ಇಬ್ಬರೂ ಪೆಟ್ಟಿಗೆಗಳೊಂದಿಗೆ ಅದೇ ಮೂಲೆಗೆ ಬಂದೆವು. ಅಲ್ಲಿಂದ ರೈಲು, ಡೊರಾವಿಲ್, ಕಾರು. ಕವಚವನ್ನು ಹಿಂದಿನ ಸೀಟಿನಲ್ಲಿ ನಿಲ್ಲಿಸಿ ಬೆಲ್ಟ್ ಕಟ್ಟಿದೆವು. ಗಡಿ ದಾಟಿ ದಕ್ಷಿಣ ಕೆರೊಲಿನಾ ಸೇರುವ ಮೊದಲೇ ಆಕೆ ಮುಂದಿನ ವೇಷದ ಕಿರೀಟವನ್ನು ಕಾಗದದ ಚೀಲದ ಮೇಲೆ ಬರೆಯತೊಡಗಿದ್ದಳು.