ಗೆಳತಿ ಹೋದರೆ ಸೂತಕವಿಲ್ಲ

ದಾಯಾದಿಗಳ ಮನೆಯಲ್ಲಿ ಸಾವಾದರೆ ಸೂತಕ ಉಂಟು. ತವರಿನವರು ಹೋದರೆ ನೆಂಟರಿಷ್ಟರು ಬಂದು ಪಕ್ಕದಲ್ಲಿ ಕೂತು ಮಾತಾಡಿಸುತ್ತಾರೆ. ಗೆಳತಿ ಹೋದರೆ ಏನೂ ಇಲ್ಲ. ಸಾವಿನ ಮನೆಯಿಂದ ಬಂದು ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಸಂಜೆ ಹಾಲು ಕರೆಯಬೇಕು, ಒಲೆ ಹಚ್ಚಬೇಕು. ಮರುದಿನ ಎಲ್ಲರೂ ಅವಳ ಗಂಡನನ್ನು ಮಾತಾಡಿಸುತ್ತಾರೆ, ಅತ್ತೆಯನ್ನು ಮಾತಾಡಿಸುತ್ತಾರೆ. ನಿಮ್ಮನ್ನು ಯಾರೂ ಕೇಳುವುದಿಲ್ಲ. ಊರಿನ ಲೆಕ್ಕದಲ್ಲಿ ನೀವು ಅವಳಿಗೆ ಏನೂ ಆಗಬೇಕಿಲ್ಲ, ಅಲ್ವಾ?

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ನಾವು ದೀವರು, ಮಲೆನಾಡಿನ ಬೇಸಾಯಗಾರ ಸಮುದಾಯದವರು. ನನ್ನ ಗೆಳತಿಯೂ ನಾನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಇಬ್ಬರ ಹಿತ್ತಲಿಗೂ ನಡುವೆ ಒಂದೇ ಬೇಲಿ. ಅತ್ತೆಯ ಮೇಲಿನ ಸಿಟ್ಟು, ಮಕ್ಕಳ ಜ್ವರ, ಸಂಘದ ಸಾಲ, ಎಲ್ಲ ಆ ಬೇಲಿಯ ಮೇಲೇ ಮಾತಾಡಿಕೊಂಡಿದ್ದೇವೆ. ಆಷಾಢದ ಮಳೆಯಲ್ಲಿ ಭತ್ತದ ನೆಟ್ಟಿ ಮುಗಿಸಿದ ವಾರವೇ ಎದೆನೋವು ಅಂತ ಜಗುಲಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ.

ನನಗೆ ಅತಿ ಕಷ್ಟವಾದದ್ದು ಬೆಳಗಿನ ಹೊತ್ತು. ಡೈರಿಗೆ ಹಾಲು ಹಾಕಲು ದಿನಾ ಒಟ್ಟಿಗೆ ಹೋಗುತ್ತಿದ್ದೆವು. ಉಳಿದ ಹೆಂಗಸರು ನನ್ನ ಮುಂದೆ ಅವಳ ಹೆಸರು ಎತ್ತುವುದನ್ನೇ ಬಿಟ್ಟರು. ನನಗೆ ನೋವಾಗಬಾರದು ಅಂತಲೇ ಬಿಟ್ಟಿದ್ದು, ಗೊತ್ತು. ಆದರೆ ಹೆಸರೇ ಕೇಳದಿದ್ದರೆ ಆಗುವ ನೋವು ಇನ್ನೂ ಜಾಸ್ತಿ. ಹಾಗಾಗಿ ನಾನೇ ಎತ್ತಲು ಶುರು ಮಾಡಿದೆ. "ಅವಳು ಇದ್ದಿದ್ರೆ ಈ ಹಾಲಿನ ಫ್ಯಾಟ್ ನೋಡಿ ಜಗಳ ತೆಗೀತಿದ್ಲು ನೋಡು" ಅಂದೆ ಒಂದು ದಿನ. ಮೊದಲು ಎಲ್ಲರೂ ಸುಮ್ಮನಾದರು. ಆಮೇಲೆ ಒಬ್ಬಳು ನಕ್ಕಳು, ಇನ್ನೊಬ್ಬಳು ಕಣ್ಣೊರೆಸಿಕೊಂಡಳು. ಅಲ್ಲಿಂದ ದಾರಿ ಸ್ವಲ್ಪ ಹಗುರಾಯಿತು.

ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ಸಮಾಜ ಲೆಕ್ಕಕ್ಕೆ ಇಟ್ಟುಕೊಳ್ಳದ ಇಂಥ ದುಃಖದ ಬಗ್ಗೆ ಅಮೆರಿಕದ ಕೆನ್ನೆತ್ ಡೋಕಾ ಎಂಬುವರು 1989ರಲ್ಲೇ ಬರೆದಿದ್ದಾರೆ, ಸ್ನೇಹಿತರ ದುಃಖವೂ ಅದರಲ್ಲಿ ಬರುತ್ತದೆ ಅಂತ ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ ನನಗೆ ಧೈರ್ಯ ಬಂತು. ಎಲ್ಲೋ ದೂರದ ಊರಲ್ಲೂ ನನ್ನಂಥವರು ಇದ್ದಾರೆ ಅಂತಾಯ್ತಲ್ಲ. 14416ಕ್ಕೆ ಫೋನ್ ಮಾಡು ಅಂದವಳೂ ಅವಳೇ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಹತ್ತದ ಒಂದು ರಾತ್ರಿ ಮಾಡಿದೆ. ಆ ಕಡೆಯ ಹುಡುಗಿ ಸಮಾಧಾನ ಹೇಳಲಿಲ್ಲ, ನನ್ನ ಗೆಳತಿ ಹೇಗಿದ್ದಳು ಅಂತ ಕೇಳಿದಳು. ಅವತ್ತು ಮಾತಾಡಿದಷ್ಟು ಹೊತ್ತು ಅವಳ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅನ್ನುವವರು ಕಾಯಬೇಡಿ, ಇವತ್ತೇ ಮಾಡಿ.

ಇನ್ನು ಅವಳ ಮನೆ. ಸುಮ್ನೆ ಹೋಗಿ ಕೂತರೆ ಅವರಿಗೂ ಮುಜುಗರ, ನನಗೂ. ಕೆಲಸ ಇಟ್ಟುಕೊಂಡು ಹೋದರೆ ಹಾಗಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಅವಳ ಗಂಡ ಮಂಕಾಗಿ ಕೂತಿದ್ದರು. "ಅಣ್ಣ, ಆಧಾರ್ ಕಾರ್ಡು, ಪಾಸ್‌ಬುಕ್ಕು ಕೊಡಿ, ನಾನೂ ಜೊತೆಗೆ ಬರ್ತೀನಿ" ಅಂದೆ. ಪಾಸ್‌ಬುಕ್ಕು ತಿರುವುತ್ತಿದ್ದಾಗ ಒಂದು ಕಡೆ 436 ರೂಪಾಯಿ ಕಡಿತವಾದದ್ದು ಕಣ್ಣಿಗೆ ಬಿತ್ತು. ನನ್ನ ಖಾತೆಯಿಂದಲೂ ವರ್ಷವರ್ಷ ಅಷ್ಟೇ ಹೋಗುತ್ತದೆ. ಸರ್ಕಾರದ ಜೀವನ ಜ್ಯೋತಿ ವಿಮೆಯ ಕಂತು ಅದು. ಯಾವ ಕಾರಣಕ್ಕೆ ಸಾವಾದರೂ ನಾಮಿನಿಗೆ 2 ಲಕ್ಷ ರೂಪಾಯಿ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ 30 ದಿನ ಅಪಘಾತಕ್ಕಷ್ಟೇ ಸಿಗುವುದು. ಆ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಸಂಘದ ಮೀಟಿಂಗಿನಲ್ಲಿ ಫಾರಂ ತುಂಬಿದ್ದು ನಾವಿಬ್ಬರೇ. ನಿಮ್ಮ ಗೆಳತಿಯರ ಮನೆಯಲ್ಲೂ ಪಾಸ್‌ಬುಕ್ಕು ಒಮ್ಮೆ ನೋಡಿ. ಇಂಥ ವಿಷಯ ಗಂಡಸರಿಗಿಂತ ಗೆಳತಿಗೇ ಗೊತ್ತಿರುತ್ತದೆ.

ಅವಳು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳನ್ನು ಮಗಳ ಹತ್ತಿರ ಹೇಳಿ ಲ್ಯಾಪ್‌ಟಾಪಿಗೆ ಹಾಕಿಸಿಟ್ಟೆ. ಫೋನ್ ಹಾಳಾದರೆ ಹೋಗಿಬಿಡುತ್ತೆ ಅಂತ ಹೆದರಿಕೆ ಇತ್ತು. "ಎಲ್ಲಿದೀಯ ಮಾರಾಯ್ತಿ" ಅನ್ನುವುದು ಒಂದರಲ್ಲಿದೆ. ಬೇಕೆನಿಸಿದಾಗ ಕೇಳುತ್ತೇನೆ. ಬೇಡ, ಮರೆತುಬಿಡು ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ.

ದಸರಾ ಹತ್ತಿರ ಬಂದಾಗ ಮತ್ತೆ ಕುಸಿದೆ. ನಮ್ಮಲ್ಲಿ ವಿಜಯದಶಮಿಗೆ ಭೂಮಣ್ಣಿ ಬುಟ್ಟಿ ಬರೆಯಲು ಶುರು ಮಾಡುತ್ತೇವೆ. ಮುಂದೆ ಬರುವ ಭೂಮಿ ಹುಣ್ಣಿಮೆಗೆ, ಅಂದರೆ ಹೊಡೆ ತುಂಬಿದ ಭತ್ತದ ಗದ್ದೆಗೆ ಮಾಡುವ ಸೀಮಂತಕ್ಕೆ, ಅಡುಗೆ ಹೊತ್ತೊಯ್ಯಲು ಆ ಬುಟ್ಟಿ ಬೇಕು. ಬಿದಿರ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಬೇಕು. ನೆನೆಸಿದ ಅಕ್ಕಿ ನುಣ್ಣಗೆ ಅರೆದರೆ ಬಿಳಿ ಬಣ್ಣ. ಪುಂಡಿ ನಾರೇ ಕುಂಚ. ಪ್ರತಿ ವರ್ಷ ಎರಡೂ ಮನೆಯ ಬುಟ್ಟಿ ನಮ್ಮ ಜಗುಲಿಯಲ್ಲೇ ಆಗುತ್ತಿತ್ತು. ಉದ್ದದ ಎಳೆಗಳೆಲ್ಲ ಅವಳವು. ಉಸಿರು ಬಿಗಿಹಿಡಿದು, ಬುಟ್ಟಿಯನ್ನು ಎಡಗೈಯಲ್ಲಿ ನಿಧಾನಕ್ಕೆ ತಿರುಗಿಸುತ್ತಾ, ಕುಂಚ ಎತ್ತದೆ ಒಂದು ಸುತ್ತು ಬರುತ್ತಿದ್ದಳು. ಶುರುವಾದಲ್ಲಿಗೇ ಬಂದು ಸೇರುತ್ತಿತ್ತು ಎಳೆ. ನನ್ನ ಪಾಲಿಗೆ ಗೊಂಬೆ ಸಾಲು, ಭತ್ತದ ಸಸಿ.

ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಅಂದರೆ ಅವರ ಮನೆಯಿಂದ ಬುಟ್ಟಿ ಹೊರಡುವುದಿಲ್ಲ. ಆದರೆ ಆ ಗದ್ದೆ ನೆಟ್ಟವಳು ಅವಳೇ. ಅವಳು ಊರಿದ ಸಸಿಯೇ ಈಗ ಬಸುರಿ. ಅದಕ್ಕೆ ಬಯಕೆ ಊಟ ಇಲ್ಲವಾ? ಇದೇ ಯೋಚನೆ ಹಗಲೂ ರಾತ್ರಿ. ಆಗ ಹೊಳೆಯಿತು: ನನಗೆ ಸೂತಕವಿಲ್ಲ. ಮೂರು ತಿಂಗಳು ಯಾವುದು ಇರಿಯುತ್ತಿತ್ತೋ ಅದೇ ಈಗ ಉಪಯೋಗಕ್ಕೆ ಬಂತು. ಅವರ ಮನೆಯವರು ಮಾಡಬಾರದ್ದನ್ನು ನಾನು ಮಾಡಬಹುದು.

ಅವತ್ತು ಗದ್ದೆಗೆ ಬೀರುವ ಸೊಪ್ಪಿನ ಅಡುಗೆಗೆ ಹಚ್ಚಂಬಲಿ ಅನ್ನುತ್ತೇವೆ. ಅವಳ ಅತ್ತೆಯನ್ನು ಕೇಳಿದೆ. "ಅಮ್ಮ, ನಮ್ಮ ಹಚ್ಚಂಬಲಿ ನಿಮ್ಮ ಗದ್ದೆಗೂ ಬೀರಲಾ?" ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಬೀರು ಮಗ. ಪಕ್ಕದ ಗದ್ದೆಯವರು ಬೀರಿದ್ದು ಗಾಳಿಗೆ ಬಂದು ಬಿದ್ರೆ ಯಾರು ಬೇಡ ಅಂತಾರೆ" ಅಂದರು.

ಬುಟ್ಟಿ ಬರೆಯಲು ಕೂತೆ. ಉದ್ದದ ಎಳೆ ನನ್ನ ಕೈಯಲ್ಲಿ ಅವಳಂತೆ ಬರಲಿಲ್ಲ, ಎರಡು ಮೂರು ಕಡೆ ಕೂಡಿಸಬೇಕಾಯ್ತು. ಅತ್ತದ್ದೂ ಆಗಲೇ, ಮನಸೋ ಇಚ್ಛೆ. ಮಾತಿನಲ್ಲಿ ಬಾರದ್ದು ಕೈ ಕೆಲಸದಲ್ಲಿ ಬಂತು. ಇಬ್ಬರೂ ಸೇರಿ ಮಾಡುತ್ತಿದ್ದ ಯಾವುದಾದರೂ ಕೆಲಸ ನಿಮಗೂ ಇದ್ದೇ ಇರುತ್ತದೆ. ರೊಟ್ಟಿ ತಟ್ಟುವುದೋ, ಮಿಡಿ ಉಪ್ಪಿಗೆ ಹಾಕುವುದೋ. ಅದನ್ನು ಬಿಡಬೇಡಿ. ಮೊದಲ ಸಲ ಪ್ರಾಣ ಹೋದಂತಾಗುತ್ತದೆ, ಆದರೂ ಮಾಡಿ.

ಹುಣ್ಣಿಮೆಯ ರಾತ್ರಿಯೆಲ್ಲ ಅಡುಗೆ. ಬೇಲಿ ಬದಿಯ ಹತ್ತಾರು ಬಗೆ ಸೊಪ್ಪು ಬೆರೆಸಿ ಹಚ್ಚಂಬಲಿ, ಮೇಲೆ ಕಡುಬು. ಬೆಳಕು ಹರಿಯುವ ಮೊದಲೇ ನನ್ನ ಗಂಡ ಬುಟ್ಟಿ ಹೊತ್ತು ಹೊರಟರು. ಭೂಮ್ತಾಯಿ ಬಂದು ಉಣ್ಣಲಿ ಅಂತ ಕೂಗುತ್ತಾ ನಮ್ಮ ಗದ್ದೆಗೆ ಬೀರಿದರು, ಬದು ದಾಟಿ ಅವಳ ಗದ್ದೆಗೂ ಬೀರಿದರು. ಅವಳ ಗಂಡ ದೂರದಲ್ಲಿ ನಿಂತು ನೋಡುತ್ತಿದ್ದರು.

ಈಗ ಅವರ ಮನೆಗೆ ವರ್ಷ ಕಳೆದಿದೆ. ಈ ಸಲ ಎರಡೂ ಬುಟ್ಟಿ ಮತ್ತೆ ನಮ್ಮ ಜಗುಲಿಗೆ ಬಂದಿವೆ. ಜೊತೆಗೆ ಅವಳ ಮಗಳೂ ಬಂದಿದ್ದಾಳೆ, ಬರೆಯಲು ಕಲಿಯಬೇಕಂತೆ. ಗೊಂಬೆ ಸಾಲಿಗೆ ಆತುರ ಬೇಡ, ಮೊದಲು ಉದ್ದದ ಎಳೆ ಕಲಿ ಎಂದಿದ್ದೇನೆ.