ಉರಿ, ಕಲ್ಲು, ರಕ್ತ: ಯೂರಾಲಜಿಸ್ಟ್ ಹತ್ತಿರ ಯಾವಾಗ ಹೋಗಬೇಕು?

ಕಿಡ್ನಿ ಕಲ್ಲಿನ ನೋವು ಬಂದರೆ ಯಾರೂ ಹೇಳಿಕೊಡಬೇಕಿಲ್ಲ. ಮಧ್ಯರಾತ್ರಿ ಆದರೂ ಮೂಡಿಗೆರೆಯವರು ಚಿಕ್ಕಮಗಳೂರಿಗೋ, ಸಕಲೇಶಪುರದವರು ಹಾಸನಕ್ಕೋ ಹೊರಟೇಬಿಡುತ್ತಾರೆ. ಎಡವಟ್ಟಾಗುವುದು ನೋವಿಲ್ಲದ ತೊಂದರೆಗಳಲ್ಲಿ. ಮೂತ್ರ ಒಂದು ದಿನ ಕೆಂಪಗೆ ಹೋಗುತ್ತದೆ, ಮಾರನೇ ದಿನ ಸರಿಹೋಗುತ್ತದೆ, 'ಉಷ್ಣ ಆಗಿತ್ತು, ಎಳನೀರು ಕುಡಿದೆ' ಅಂತ ಮರೆತುಬಿಡುತ್ತೇವೆ. ಅದಕ್ಕೇ ಯೂರಾಲಜಿಸ್ಟ್, ಅಂದರೆ ಮೂತ್ರದ ತೊಂದರೆಗಳ ತಜ್ಞರ ಹತ್ತಿರ ಯಾವಾಗ ಹೋಗಬೇಕು ಅಂತ, ನೋವಿನ ಲೆಕ್ಕ ಪಕ್ಕಕ್ಕಿಟ್ಟು ಹೀಗೆ ನೋಡಿಕೊಂಡು ಹೋಗಿ.

1. ಬಣ್ಣ ನೋಡಿ

ಬೀಟ್‌ರೂಟ್ ತಿಂದರೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ. ಬಿ ಕಾಂಪ್ಲೆಕ್ಸ್ ನುಂಗಿದರೆ ಗಾಢ ಹಳದಿ, ಟಿಬಿಗೆ ಕೊಡುವ ರಿಫಾಂಪಿಸಿನ್‌ಗೆ ಕಿತ್ತಳೆ. ಇಂಥದ್ದೇನೂ ಇಲ್ಲದೆ ರಕ್ತದ ಬಣ್ಣ ಕಂಡರೆ, ಒಂದೇ ಸಲ ಆಗಿದ್ದರೂ, ನೋವು ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ನಲವತ್ತು ದಾಟಿದವರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು ಮುಂದೂಡಲೇಬೇಡಿ. ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ಹೀಗೆಯೇ ಶುರುವಾಗುತ್ತದೆ. ರಕ್ತ ಒಂದು ದಿನ ಬಂದು ವಾರಗಟ್ಟಲೆ ನಿಲ್ಲಬಹುದು. ನಿಂತಿತು ಅಂದರೆ ವಾಸಿಯಾಯ್ತು ಅಂತಲ್ಲ.

2. ಉರಿಮೂತ್ರ ಎಷ್ಟು ಸಲ ಬಂತು?

ಹೆಂಗಸರಿಗೆ ಒಮ್ಮೆ ಬಂದರೆ ಊರಿನ ಡಾಕ್ಟರೇ ಸಾಕು. ಆರು ತಿಂಗಳಲ್ಲಿ ಎರಡು ಸಲ, ಅಥವಾ ವರ್ಷಕ್ಕೆ ಮೂರು ಸಲ ಬಂದರೆ ತಜ್ಞರನ್ನು ನೋಡಿ. ಗಂಡಸರು, ಮಕ್ಕಳು, ಗರ್ಭಿಣಿಯರು ಮೊದಲ ಸಲವೇ ಹಗುರವಾಗಿ ತೆಗೆದುಕೊಳ್ಳಬಾರದು.

ಮೆಡಿಕಲ್ ಶಾಪಿನಿಂದ ಸುಮ್ನೆ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುತ್ತೀರಲ್ಲ, ಅದು ಬೇಡ. ಮಾತ್ರೆ ಶುರು ಮಾಡುವ ಮೊದಲೇ, ಯಾವ ರೋಗಾಣು ಅಂತ ಪತ್ತೆ ಮಾಡುವ ಯೂರಿನ್ ಕಲ್ಚರ್‌ಗೆ ಕೊಡಬೇಕು, ಮೊದಲು ಸ್ವಲ್ಪ ಬಿಟ್ಟು ನಡುವಿನ ಮೂತ್ರ ಹಿಡಿಯಬೇಕು. ಇಲ್ಲದಿದ್ದರೆ ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ. ಕಾಫಿ ಕೊಯ್ಲಿನ ದಿನಗಳಲ್ಲಿ, ಮರೆ ಸಿಗುವುದಿಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಸಂಜೆವರೆಗೆ ತಡೆದುಕೊಂಡು ಕೆಲಸ ಮಾಡುವ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ತೋಟದ ಕಡೆಯವರಿಗೆ ಗೊತ್ತೇ ಇದೆ. ಅವರಿಗೆ ಸೋಂಕು ಮತ್ತೆ ಮತ್ತೆ ಬಂದರೆ ಬರೀ ಮಾತ್ರೆ ಏನು ಮಾಡುತ್ತದೆ? ಮಾಲೀಕರು ಮೊದಲು ಒಂದು ಶೌಚಾಲಯ ಕಟ್ಟಿಸಲಿ.

3. ಐವತ್ತು ದಾಟಿದ ಗಂಡಸರಿಗೆ

ಮೂತ್ರದ ಧಾರೆ ಸಣ್ಣಗಾಗಿದೆಯಾ? ಹೋಗಿ ಬಂದರೂ ಪೂರ್ತಿ ಖಾಲಿಯಾಗಿಲ್ಲ ಅನಿಸುತ್ತದಾ? ರಾತ್ರಿ ಮೂರ್ನಾಲ್ಕು ಸಲ ಏಳುತ್ತೀರಾ? ವಯಸ್ಸಾಯ್ತಲ್ಲ ಅಂತ ಕೂರಬೇಡಿ. ಬಹಳಷ್ಟು ಸಲ ಇದು ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಊದಿಕೊಂಡಿರುವುದಷ್ಟೇ, ತುಂಬಾ ಜನಕ್ಕೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ. ಶುಗರ್ ಜಾಸ್ತಿ ಇದ್ದರೂ ಹೀಗೇ ಪದೇ ಪದೇ ಹೋಗಬೇಕಾಗುತ್ತದೆ, ಅದನ್ನೂ ಚೆಕ್ ಮಾಡಿಸಿ. ಈ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ನೆಗಡಿ ಮಾತ್ರೆ ನುಂಗಬೇಡಿ. ಕೆಲವು ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು.

4. ಕಲ್ಲಿದ್ದರೆ

ಐದು ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಹೆಚ್ಚಿನವರಿಗೆ ತಾನೇ ಬಿದ್ದುಹೋಗುತ್ತದೆ. ಬಾಳೆದಿಂಡಿನ ರಸ, ಹುರುಳಿಕಟ್ಟು ಕುಡಿಯುತ್ತೀರಾ, ಕುಡಿಯಿರಿ, ಆದರೆ ಅದನ್ನೇ ನಂಬಿ ಸ್ಕ್ಯಾನ್ ಬಿಡಬೇಡಿ. ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯ್ತು ಅಂದುಕೊಳ್ಳಬಾರದು. ನಾಳದಲ್ಲಿ ಸಿಕ್ಕಿಕೊಂಡು ಸುಮ್ಮನಿದ್ದ ಕಲ್ಲು ಒಳಗೊಳಗೇ ಕಿಡ್ನಿಯನ್ನು ಹಾಳು ಮಾಡಬಹುದು. ಡಾಕ್ಟರು ಮತ್ತೆ ಸ್ಕ್ಯಾನಿಗೆ ಬರಹೇಳಿದ ದಿನ ತಪ್ಪಿಸಬೇಡಿ.

5. ಈ ರಾತ್ರಿಯೇ ಹೊರಡಬೇಕಾದದ್ದು

ಕಲ್ಲಿನ ನೋವಿನ ಜೊತೆ ಚಳಿಜ್ವರ. ಹೊಟ್ಟೆ ಬಿಗಿದಿದೆ, ಮೂತ್ರ ಒಂದು ಹನಿಯೂ ಬರುತ್ತಿಲ್ಲ. ರಕ್ತ ಗಡ್ಡೆಗಡ್ಡೆಯಾಗಿ ಹೋಗುತ್ತಿದೆ. ಇನ್ನು ಗಂಡುಮಕ್ಕಳಿಗೆ ಇದ್ದಕ್ಕಿದ್ದಂತೆ ಬೀಜದಲ್ಲಿ ನೋವು. ಬೀಜ ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಸುಮಾರು ಆರು ಗಂಟೆ ಮಾತ್ರ ಇರುತ್ತದೆ. ಹುಡುಗರು ನಾಚಿಕೆಗೆ ಹೊಟ್ಟೆನೋವು ಅಂತಾರೆ, ಸರಿಯಾಗಿ ಕೇಳಿ.

6. ಎಲ್ಲಿಗೆ, ಏನು ಹಿಡಿದುಕೊಂಡು?

ಮುಖ, ಕಾಲು ಊದಿದ್ದರೆ, ಮೂತ್ರದಲ್ಲಿ ನೊರೆ ಜಾಸ್ತಿಯಿದ್ದರೆ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಏರಿದ್ದರೆ ಅದು ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಕಾಯಿಲೆಯ ತಜ್ಞರು ನೋಡುವ ವಿಷಯ. ಕಲ್ಲು, ಪ್ರಾಸ್ಟೇಟ್, ಮೂತ್ರ ಕಟ್ಟುವುದು, ರಕ್ತ ಹೋಗುವುದು ಯೂರಾಲಜಿಸ್ಟ್‌ದು. ತಪ್ಪಾಗಿ ಹೋದರೂ ಪರವಾಗಿಲ್ಲ, ಅವರೇ ಕಳಿಸುತ್ತಾರೆ.

ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ತಜ್ಞರು ಯಾವ ದಿನ ಸಿಗುತ್ತಾರೆ ಅಂತ ಕೇಳಿಕೊಂಡೇ ಹೋಗಿ. ಆಯುಷ್ಮಾನ್ ಕಾರ್ಡಿನಲ್ಲಿ ಮುಂದಿನ ಚಿಕಿತ್ಸೆ ಬೇಕಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಅಲ್ಲೇ ಕೇಳಿ. ಬೆಂಗಳೂರಿಗೆ ಕಳಿಸಿದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯೂರಾಲಜಿ ಸಂಸ್ಥೆ ಇದೆ.

ಆಸ್ಪತ್ರೆಗೆ ಹೋಗುವ ಮೊದಲಿನ ಮೂರು ದಿನ ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಿರಿ, ಎಷ್ಟು ನೀರು, ಎಷ್ಟು ಕಾಫಿ ಕುಡಿದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಹಳೆಯ ಸ್ಕ್ಯಾನ್, ನುಂಗುತ್ತಿರುವ ಮಾತ್ರೆಗಳ ಶೀಟು ಎಲ್ಲ ಚೀಲಕ್ಕೆ ಹಾಕಿ, ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆಯಿದ್ದರೆ ಕೇಳದಿದ್ದರೂ ಹೇಳಿ. ಸ್ಕ್ಯಾನಿಗೆ ಸಾಮಾನ್ಯವಾಗಿ ಮೂತ್ರ ತುಂಬಿರಬೇಕಾಗುತ್ತದೆ, ಅಲ್ವಾ, ಹಾಗಾಗಿ ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಶೌಚಾಲಯ ಹುಡುಕಬೇಡಿ.