ಹೊಂಗೆ ಎಲೆ ಗುಡಿಸಿ ಎಸೆಯುತ್ತಿದ್ದ ನಾನು

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಒಂದು 30/40 ಸೈಟು. ಮನೆ ಕಟ್ಟಿದ ಮೇಲೆ ಉಳಿದದ್ದು ಮುಂದುಗಡೆ ಆರಡಿ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಒಂದು ಹತ್ತು ಹೆಜ್ಜೆ ಜಾಗ. ಅಷ್ಟರಲ್ಲೇ ಒಂದು ಸೀಬೆ, ಒಂದು ನುಗ್ಗೆ, ಕರಿಬೇವು, ಎರಡು ದಾಸವಾಳ, ಒಂದು ಮಲ್ಲಿಗೆ ಪೊದೆ, ಮಿಕ್ಕ ಕಡೆ ಸೊಪ್ಪು. ಗೇಟಿನ ಆಚೆ, ರಸ್ತೆ ಬದಿಗೆ, ನಮ್ಮದಲ್ಲದಿದ್ದರೂ ನಮ್ಮದೇ ಅನ್ನಿಸುವಂಥ ದೊಡ್ಡ ಹೊಂಗೆ ಮರ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಆಗ ಈ ಹೊಂಗೆ ಎಲೆ ಉದುರಿಸಲು ಶುರು ಮಾಡುತ್ತದೆ. ಒಂದು ವಾರ ಪೂರಾ ಮಳೆ ಬಂದ ಹಾಗೆ ಉದುರುತ್ತದೆ. ಬೆಳಗ್ಗೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ರಂಗೋಲಿ ಮೇಲೇ ಒಂದು ಹಾಸು. ಬೈದುಕೊಂಡು ಮತ್ತೆ ಗುಡಿಸುತ್ತಿದ್ದೆ. ಮೂಟೆ ಕಟ್ಟಿ ಕಸದ ಗಾಡಿಗೆ ಹಾಕುತ್ತಿದ್ದೆ. ಹೀಗೆ ನಾಲ್ಕು ವರ್ಷ. ಅದೇ ಹೊತ್ತಿಗೆ ನರ್ಸರಿಯಿಂದ ಗೊಬ್ಬರದ ಚೀಲ ದುಡ್ಡು ಕೊಟ್ಟು ತರುತ್ತಿದ್ದೆ ಅನ್ನೋದನ್ನೂ ಹೇಳಿಬಿಡುತ್ತೇನೆ, ನಗಬೇಡಿ.

ತಪ್ಪು ತೋರಿಸಿದ್ದು ನಮ್ಮತ್ತೆ. ಅವರು ಮದ್ದೂರು ಕಡೆಯವರು, ಭತ್ತದ ಗದ್ದೆಯಲ್ಲಿ ಬೆಳೆದವರು. ಒಂದು ಬೆಳಗ್ಗೆ ಬಾಗಿಲಲ್ಲಿ ಕೂತು ನಾನು ಮೂಟೆ ಕಟ್ಟುವುದನ್ನೇ ನೋಡುತ್ತಿದ್ದವರು, "ಅದ್ನ್ಯಾಕವ್ವ ಕಸದ ಗಾಡಿಗೆ ಹಾಕೀಯೆ? ನಮ್ಮೂರಲ್ಲಿ ಮರ ಹತ್ತಿ ಸೊಪ್ಪು ಕಡ್ದು, ಗಾಡಿ ಮೇಲೆ ಹೇರ್ಕೊಂಡೋಗಿ ಗದ್ದೆಗೆ ತುಳೀತಿದ್ರು ಕಣವ್ವ. ನಿನ್ಗೆ ಮನೆ ಬಾಗ್ಲಿಗೇ ಬಂದು ಬೀಳ್ತದೆ" ಅಂದರು. ಗಾಡಿಯವರು ಅಷ್ಟರಲ್ಲಿ ಸೀಟಿ ಊದಿದ್ದರು. ಮೂಟೆ ವಾಪಸ್ ಒಳಗೆ ಬಂತು.

ಉದುರಿದ ಒಣ ಎಲೆಯಲ್ಲಿ ಹಸಿ ಸೊಪ್ಪಿನಷ್ಟು ಸಾರ ಇರಲ್ಲ, ಅದು ನಿಜ. ಗದ್ದೆಗೆ ತುಳಿಯುತ್ತಿದ್ದದ್ದು ಹಸಿ ಸೊಪ್ಪು. ಆದರೆ ನನಗೆ ಬೇಕಾಗಿದ್ದದ್ದು ಸಾರಕ್ಕಿಂತ ಜಾಸ್ತಿ ಹೊದಿಕೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆ ವಸಂತ ಅಂದರೆ ಹೂವು ಚಿಗುರು ಎಷ್ಟೋ, ಬಿಸಿಲೂ ಅಷ್ಟೇ. ಮಾರ್ಚ್ ಕೊನೆಗೆ ಮಧ್ಯಾಹ್ನ 34, 35 ಡಿಗ್ರಿ ಮುಟ್ಟುತ್ತದೆ. ಇಲ್ಲಿಯ ಕೆಂಪು ಮಣ್ಣು ಬೆಳಗ್ಗೆ ಹಾಕಿದ ನೀರನ್ನು ಸಂಜೆಗೆ ಮರೆತೇ ಬಿಡುತ್ತದೆ, ಮೇಲೆ ಒಂದು ಹೆಪ್ಪಳಿಕೆ ಕಟ್ಟಿ ಕೂರುತ್ತದೆ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಎಲೆ ಹಾಸಿದ ವರ್ಷ ದಿನಾ ಹಾಕುತ್ತಿದ್ದ ನೀರು ಮೂರು ದಿನಕ್ಕೊಮ್ಮೆಗೆ ಇಳಿಯಿತು. ನಮ್ಮ ಬೀದಿಗೆ ನಲ್ಲಿ ನೀರು ಬರುವುದೇ ದಿನ ಬಿಟ್ಟು ದಿನ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಮೊದಲ ವರ್ಷ ಎಡವಟ್ಟೂ ಮಾಡಿಕೊಂಡೆ. ಉತ್ಸಾಹ ಜಾಸ್ತಿಯಾಗಿ ಸೀಬೆ ಗಿಡದ ಕಾಂಡಕ್ಕೇ ಒತ್ತಿ ಎಲೆ ಗುಡ್ಡೆ ಹಾಕಿದ್ದೆ, ಒಂದು ತಿಂಗಳಾದ ಮೇಲೆ ಸರಿಸಿ ನೋಡಿದರೆ ಗೆದ್ದಲು ತೊಗಟೆ ಮೇಲೆ ಒಂದು ಗೇಣು ಮಣ್ಣು ಮೆತ್ತಿಕೊಂಡು ಮೇಲಕ್ಕೆ ಹೊರಟಿತ್ತು. ಕೆರೆದು ತೆಗೆದೆ, ಬೇವಿನೆಣ್ಣೆ ಬಳಿದೆ, ಗಿಡ ಉಳಿಯಿತು. ಈಗ ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಟ್ಟು, ಬಳೆ ಥರ ದುಂಡಗೆ ಹಾಸುತ್ತೇನೆ. ಮನೆ ಗೋಡೆಗೂ ಎಲೆ ತಾಗಿಸಲ್ಲ. ಹಾವು ಚೇಳು ಸೇರಿಕೊಳ್ಳುತ್ತವೆ ಅಂತ ಮನೆಯವರು ಗಲಾಟೆ ಮಾಡಿದ್ದಕ್ಕೆ ನಡೆಯುವ ದಾರಿಯನ್ನು ಮಾತ್ರ ಚೊಕ್ಕ ಗುಡಿಸಿ ಇಡುತ್ತೇನೆ, ಎಲೆಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕುತ್ತೇನೆ.

ಹಾಸಿ ಮಿಕ್ಕಿದ ಎಲೆಗೆ ಹಿಂದುಗಡೆ ಮೂರಡಿ ಉದ್ದ, ಎರಡಡಿ ಅಗಲದ ಗುಂಡಿ. ಒಂದು ಗೇಣು ಎಲೆ, ಮೇಲೆ ಸಗಣಿ ಬಗ್ಗಡ, ಒಂದು ಬೊಗಸೆ ಮಣ್ಣು, ಮತ್ತೆ ಎಲೆ. ಗೋಣಿಚೀಲ ಮುಚ್ಚಿ ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು. ಜೀವಾಮೃತವನ್ನೂ, ಅಂದರೆ ಸಗಣಿ, ಗಂಜಲ, ಬೆಲ್ಲ ಕಲೆಸಿ ಹುಳಿ ಬರಿಸಿದ ನೀರನ್ನೂ, ಹಾಕುತ್ತೇನೆ. ಇದನ್ನು ರೈತರಿಗೆ ಹೇಳಿಕೊಟ್ಟ ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರದು ಎಕರೆ ಲೆಕ್ಕ, 200 ಲೀಟರ್ ನೀರಿಗೆ 10 ಕೆಜಿ ಸಗಣಿ. ನಮಗೆ ಅಷ್ಟು ಎಲ್ಲಿ ಬೇಕು? ಒಂದು ಬಕೆಟ್, ಅಂದರೆ 10 ಲೀಟರ್ ನೀರಿಗೆ ಅರ್ಧ ಕೆಜಿ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಬೆಳಗ್ಗೆ ಸಂಜೆ ತಿರುವಿದರೆ ಆಯಿತು. ವಾಸನೆ ಬರುತ್ತದೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಅನ್ನ ಸಾರು ಮಾತ್ರ ಗುಂಡಿಗೆ ಸುರಿಯಬೇಡಿ, ಹೆಗ್ಗಣ ಬಂದರೆ ಕರಿಬೇವಿನ ಬುಡವನ್ನೂ ಬಿಡಲ್ಲ. ಶಿವರಾತ್ರಿಗೆ ತುಂಬಿದ ಗುಂಡಿ ದಸರಾ ಹೊತ್ತಿಗೆ ಕಪ್ಪಗೆ, ಪುಡಿಪುಡಿಯಾಗಿ ಸಿಗುತ್ತದೆ.

ಎಲೆ ಬಿಟ್ಟಿದ್ದರಿಂದ ನಾನು ಲೆಕ್ಕ ಹಾಕದೇ ಇದ್ದದ್ದೂ ಒಂದು ಆಯಿತು. ಹರಟೆಮಲ್ಲಗಳು ಬಂದವು. ಏಳೆಂಟು ಹಕ್ಕಿ ಒಟ್ಟಿಗೆ, ಮದುವೆ ಮನೆಯ ನೆಂಟರ ಥರ ಗಲಗಲ ಮಾಡಿಕೊಂಡು ಬಂದು ಒಂದೊಂದೇ ಎಲೆ ಮಗುಚಿ ಹುಳ ಹೆಕ್ಕುತ್ತವೆ. ನಾನು ಗುಡಿಸಿದ ದಾರಿಗೆ ಅರ್ಧ ಎಲೆ ಎಸೆದು ಹೋಗುತ್ತವೆ, ಇರಲಿ. ಮಡಿವಾಳ ಹಕ್ಕಿ ನಸುಕಿನಲ್ಲೇ ಎದುರು ಮನೆ ಟ್ಯಾಂಕಿನ ಮೇಲೆ ಕೂತು ಸಿಳ್ಳೆ ಹಾಕುತ್ತದೆ, ಕೋಗಿಲೆ ಇನ್ನೂ ಮುಂಚೆ. ಹೋದ ವರ್ಷ ಬಟ್ಟೆ ಒಣಹಾಕುವ ತಂತಿಗೇ ಸೂರಕ್ಕಿ ಗೂಡು ಕಟ್ಟಿತು. ಜೇಡರ ಬಲೆ, ನಾರು, ಒಣ ಎಲೆ ಚೂರು ಎಲ್ಲ ಅಂಟಿಸಿದ ಪುಟ್ಟ ಚೀಲ, ಕಸ ಸಿಕ್ಕಿಕೊಂಡಿದೆ ಅಂತ ನಾನೇ ಕಿತ್ತು ಹಾಕುವುದರಲ್ಲಿದ್ದೆ. ಮರಿ ಹಾರುವವರೆಗೂ ನಮ್ಮ ಬಟ್ಟೆಯೆಲ್ಲ ಮಹಡಿ ಮೇಲೆ ಒಣಗಿತು.

ಮಲ್ಲಿಗೆ ವಿಷಯದಲ್ಲಿ ಕೆಟ್ಟದ್ದನ್ನು ಹೇಳಲೇಬೇಕು. ಫೆಬ್ರವರಿಯಲ್ಲಿ ಹಿತ್ತಲು ಚೊಕ್ಕ ಮಾಡುವ ಭರದಲ್ಲಿ ಪೊದೆಯನ್ನು ಬೋಳಿಸಿಬಿಟ್ಟೆ. ಹೊಸ ಚಿಗುರಲ್ಲೇ ಮೊಗ್ಗು ಬರೋದು, ಆ ಚಿಗುರನ್ನೇ ಕತ್ತರಿಸಿದ್ದೆ. ಯುಗಾದಿಗೆ ಮುಡಿಯಲು ಒಂದು ಹೂವಿಲ್ಲ, ದೇವರಾಜ ಮಾರುಕಟ್ಟೆಗೆ ಹೋಗಿ ಮೊಳ ಲೆಕ್ಕದಲ್ಲಿ ತಂದೆ. ಈಗ ಕತ್ತರಿ ಹಾಕುವುದು ನವೆಂಬರ್ ಕೊನೆಗೆ, ನೆಲದಿಂದ ಒಂದೂವರೆ ಅಡಿ ಬಿಟ್ಟು. ಆಮೇಲೆ ಬುಡ ಬಿಡಿಸಿ ಗೊಬ್ಬರ, ನೀರು. ಮಾರ್ಚಿಗೆ ಮೊಗ್ಗು ತಾನಾಗಿ ಬರುತ್ತದೆ.

ದಾಸವಾಳಕ್ಕೆ ಇದೇ ಸಮಯದಲ್ಲಿ ಹಿಟ್ಟು ತಿಗಣೆ ಹತ್ತುತ್ತದೆ. ಮೊದಲು ಪೈಪಿನಲ್ಲಿ ಜೋರಾಗಿ ನೀರು ಹೊಡೆದು ಕೆಡವಿ, ಸಂಜೆ ಜೇನ್ನೊಣ ಓಡಾಡದ ಹೊತ್ತಲ್ಲಿ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಸೇರಿಸಿ ಸಿಂಪಡಿಸಿ. ಇರುವೆ ಸಾಲು ಕಂಡರೆ ತಿಗಣೆ ಇದೆ ಅಂತಲೇ ಲೆಕ್ಕ.

ತರಕಾರಿ ಬಗ್ಗೆ ಜಾಸ್ತಿ ಹೇಳಲ್ಲ. ಮಾರ್ಚಿನಲ್ಲಿ ಕೊತ್ತಂಬರಿ ಹಾಕಿ ಮೂರು ಸಲ ಸೋತಿದ್ದೇನೆ, ಬಿಸಿಲಿಗೆ ಬೇಗ ಹೂವಿಗೆ ಹೋಗಿಬಿಡುತ್ತದೆ. ದಂಟು, ಬೆಂಡೆ, ಗೋರಿಕಾಯಿ, ಬಸಳೆ ಈ ಬಿಸಿಲಿಗೆ ಬಗ್ಗಲ್ಲ. ಹೀರೆ, ಸೋರೆ ಬೀಜ ಮಾತ್ರ ಏಪ್ರಿಲ್ ನಡುವಿನ ಅಶ್ವಿನಿ ಮಳೆ ಒಂದು ಹದ ಬೀಳಲಿ ಅಂತ ಕಾಯುತ್ತೇನೆ, ದಸರಾಕ್ಕೆ ತೆಗೆದಿಟ್ಟ ಎಲೆಗೊಬ್ಬರ ಆಗ ಗುಣಿಗೆ ಎರಡು ಬೊಗಸೆ ಬೀಳುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಹೊಂಗೆ ಪೂರಾ ಹೊಸ ಎಲೆ ಹೊದ್ದು, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿದೆ. ಹೂವೂ ಶುರುವಾಗಿದೆ, ಬೆಳಗ್ಗೆ ಎದ್ದರೆ ಗೇಟಿನ ಮುಂದೆ ಯಾರೋ ಮಂಡಕ್ಕಿ ಚೆಲ್ಲಿದ ಹಾಗೆ ಬಿಳಿ, ಅದರಲ್ಲಿ ತುಸು ನೇರಳೆ. ಎದುರು ಮನೆಯ ಅಕ್ಕ ತಮ್ಮ ಬಾಗಿಲ ಎಲೆಯನ್ನೂ ಚೀಲಕ್ಕೆ ತುಂಬಿ ನಮ್ಮ ಗೇಟಿಗೆ ಒರಗಿಸಿ ಹೋಗುತ್ತಾರೆ. ನಾನಂತೂ ಗೇಟಿನ ಮುಂದೆ ಪೊರಕೆ ಹಾಕುತ್ತಿಲ್ಲ. ನೆಂಟರು ಬರುವ ದಿನ ಮಾತ್ರ ನಮ್ಮತ್ತೆಯೇ ನನಗಿಂತ ಮೊದಲು ಎದ್ದು, ನನಗೆ ಗೊತ್ತಾಗದ ಹಾಗೆ ಬಾಗಿಲ ಮುಂದೆ ಎಲ್ಲಾ ಗುಡಿಸಿ ರಂಗೋಲಿ ಬಿಟ್ಟಿರುತ್ತಾರೆ.